ಡೇಟಾಬೇಸ್ ಲಾಗ್ ಫೈಲಿಗೆ ಯಾವ ಅನುಮತಿ ಕೊಡಬೇಕು?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಲಿನಕ್ಸ್ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ. ಲಾಗ್ ಸಂಗ್ರಹಿಸುವ ಪ್ರೋಗ್ರಾಂ ಬೇರೆ ಯೂಸರ್ ಹೆಸರಿನಲ್ಲಿ ಓಡುತ್ತದೆ. ಲಾಗ್ ಫೈಲಿಗೆ 644 (ಒಡೆಯ ಓದಿ ಬರೆಯಬಹುದು, ಉಳಿದವರೆಲ್ಲ ಓದಬಹುದು) ಕೊಟ್ಟರೂ ಅದಕ್ಕೆ ಓದಲು ಆಗುತ್ತಿಲ್ಲ. ಮರುದಿನದ ಹೊಸ ಫೈಲ್ ಮತ್ತೆ 600 (ಒಡೆಯನಿಗೆ ಮಾತ್ರ) ಆಗಿಯೇ ಬರುತ್ತದೆ. ಲಾಗ್‌ಗಳಿರುವ ಡೇಟಾ ಡೈರೆಕ್ಟರಿಗೇ 755 (ಯಾರು ಬೇಕಾದರೂ ಒಳಹೋಗಿ ಓದಬಹುದು) ಕೊಟ್ಟುಬಿಡಲೇ?

ಉತ್ತರ: ದಯವಿಟ್ಟು ಕೊಡಬೇಡಿ. ಡೇಟಾ ಡೈರೆಕ್ಟರಿಯಲ್ಲಿ ಹೊರಗಿನವರಿಗೆ ಯಾವುದೇ ಅನುಮತಿ ಇದ್ದರೆ ಪೋಸ್ಟ್‌ಗ್ರೆಸ್ ಶುರುವಾಗಲು ಒಪ್ಪುವುದಿಲ್ಲ. ಈಗ ಓಡುತ್ತಿರುವ ಸರ್ವರ್ ಏನೂ ಹೇಳದೆ ಓಡುತ್ತಲೇ ಇರುತ್ತದೆ. ಮುಂದೆಂದೋ ರೀಸ್ಟಾರ್ಟ್ ಮಾಡಿದಾಗ ನಿಂತುಬಿಡುತ್ತದೆ.

ಫೈಲಿಗೆ ಕೊಟ್ಟ 644 ಕೂಡ ವಾಪಸ್ ತೆಗೆಯಿರಿ. ಲಾಗ್ ಎಂದರೆ ಬರೀ ದೋಷಗಳ ಪಟ್ಟಿ ಎಂಬ ಭಾವನೆ ಬಹಳ ಜನರಲ್ಲಿದೆ, ಅದು ಅಪಾಯಕಾರಿ. ವಿಫಲವಾದ ಎಸ್‌ಕ್ಯೂಎಲ್ ಹೇಳಿಕೆಯನ್ನು (ಡೇಟಾಬೇಸ್‌ಗೆ ಕೊಡುವ ಆದೇಶ) ಪೋಸ್ಟ್‌ಗ್ರೆಸ್ ತಾನಾಗಿಯೇ ಲಾಗ್‌ಗೆ ಬರೆಯುತ್ತದೆ. ಒಂದೇ ಇಮೇಲ್ ಎರಡು ಬಾರಿ ಸೇರಿಸಲು ಹೋಗಿ ತಪ್ಪಾದರೆ ಆ ಇಮೇಲ್ ವಿಳಾಸವೇ ಅಲ್ಲಿ ಕೂತಿರುತ್ತದೆ. ಪಾಸ್‌ವರ್ಡ್ ಬದಲಿಸುವ ಹೇಳಿಕೆಯಲ್ಲಿ ಅಕ್ಷರದೋಷವಾದರೆ ಪಾಸ್‌ವರ್ಡ್ ಕೂಡ! ಟೇಬಲ್‌ಗೆ ಎಷ್ಟು ಕಾವಲೋ ಲಾಗ್‌ಗೂ ಅಷ್ಟೇ ಕಾವಲು ಬೇಕು.

ಹಾಗಾದರೆ ದಾರಿ? ಲಾಗ್‌ಗಳನ್ನು ಡೇಟಾ ಡೈರೆಕ್ಟರಿಯಿಂದ ಹೊರಗೆ ತನ್ನಿ. ಫೈಲ್ ಓದಲು ಅದರ ಮೇಲಿನ ಪ್ರತಿ ಡೈರೆಕ್ಟರಿಯನ್ನೂ ದಾಟುವ ಅನುಮತಿ ಬೇಕು. ನಿಮ್ಮ 644 ಫಲಿಸದಿರುವುದು ಇದೇ ಕಾರಣಕ್ಕೆ. ಲಾಗ್ ಓದುವವರಿಗಾಗಿಯೇ ಒಂದು ಗುಂಪು ಮಾಡಿ, ಲಾಗ್ ಸಂಗ್ರಹಿಸುವ ಪ್ರೋಗ್ರಾಂನ ಯೂಸರ್‌ನನ್ನು ಅದಕ್ಕೆ ಸೇರಿಸಿ. ಹೊಸ ಲಾಗ್ ಡೈರೆಕ್ಟರಿಯ ಒಡೆತನ ಪೋಸ್ಟ್‌ಗ್ರೆಸ್ ಯೂಸರ್‌ಗೆ ಇರಲಿ, ಗುಂಪು ಇದಾಗಿರಲಿ, ಅನುಮತಿ 2750 (ಒಡೆಯನಿಗೆ ಎಲ್ಲ, ಗುಂಪಿಗೆ ಒಳಹೋಗಿ ಓದಲು, ಉಳಿದವರಿಗೆ ಏನೂ ಇಲ್ಲ). ಮೊದಲಿಗಿರುವ ಆ 2 ಇದ್ದರೆ ಒಳಗೆ ಹುಟ್ಟುವ ಪ್ರತಿ ಫೈಲೂ ಡೈರೆಕ್ಟರಿಯ ಗುಂಪನ್ನೇ ಪಡೆಯುತ್ತದೆ. ಬಳಿಕ ಸಂರಚನಾ ಫೈಲಿನಲ್ಲಿ ಲಾಗ್ ಡೈರೆಕ್ಟರಿಯ ದಾರಿ ಬದಲಿಸಿ, ಲಾಗ್ ಫೈಲ್ ಮೋಡ್‌ಗೆ 0640 (ಒಡೆಯ ಓದಿ ಬರೆಯಬಹುದು, ಗುಂಪು ಓದಬಹುದು) ಬರೆದು ರೀಲೋಡ್ ಮಾಡಿ. ಮೊದಲಿನ ಸೊನ್ನೆ ಬಿಡಬೇಡಿ, ಬಿಟ್ಟರೆ ಅದನ್ನು ದಶಮಾಂಶ ಸಂಖ್ಯೆಯೆಂದು ಓದಲಾಗುತ್ತದೆ. ಲಾಗಿಂಗ್ ಕಲೆಕ್ಟರ್ (ಲಾಗ್‌ಗಳನ್ನು ಫೈಲಿಗೆ ಬರೆಯುವ ಪೋಸ್ಟ್‌ಗ್ರೆಸ್‌ನ ಭಾಗ) ಆನ್ ಇದ್ದರೆ ಮಾತ್ರ ಈ ಮೋಡ್ ಅನ್ವಯವಾಗುತ್ತದೆ.

ಇನ್ನೊಬ್ಬ ಸದಸ್ಯೆ: ಸರ್, ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲೂ ಹೀಗೆಯೇ ಮಾಡಬಹುದೇ?

ಉತ್ತರ: ಡೈರೆಕ್ಟರಿ, ಗುಂಪಿನ ಲೆಕ್ಕ ಅದೇ ಮೇಡಂ. ಆದರೆ ಲಾಗ್‌ರೊಟೇಟ್ (ಹಳೆಯ ಲಾಗ್ ಫೈಲ್ ಬದಿಗಿಟ್ಟು ಹೊಸದು ಶುರುಮಾಡುವ ಪ್ರೋಗ್ರಾಂ) ಬಳಸುತ್ತಿದ್ದರೆ ಅದರ ಕ್ರಿಯೇಟ್ ಸಾಲನ್ನು ನೋಡಿ. ಹೊಸ ಫೈಲಿನ ಅನುಮತಿ, ಒಡೆಯ, ಗುಂಪು ಮೂರೂ ಅಲ್ಲಿ ತೀರ್ಮಾನವಾಗುತ್ತವೆ. ಜನರಲ್ ಲಾಗ್‌ನಲ್ಲಿ (ಬಂದ ಪ್ರತಿ ಹೇಳಿಕೆಯನ್ನೂ ದಾಖಲಿಸುವ ಲಾಗ್) ಯೂಸರ್ ಸೃಷ್ಟಿಸುವಂಥ ಹೇಳಿಕೆಗಳ ಪಾಸ್‌ವರ್ಡನ್ನು ಮೈಎಸ್‌ಕ್ಯೂಎಲ್ ಮರೆಮಾಡುತ್ತದೆ. ಗ್ರಾಹಕರ ಮಾಹಿತಿಯನ್ನು ಮಾತ್ರ ಹಾಗೆಯೇ ಬಿಡುತ್ತದೆ. ಅಗತ್ಯವಿಲ್ಲದಾಗ ಆ ಲಾಗ್ ಆಫ್ ಇರಲಿ.

ಮೊದಲಿನ ಸದಸ್ಯ: ಸರ್, ಎಲ್ಲ ಮಾಡಿದೆ. ಫೈಲ್ 0640 ಆಗಿದೆ, ಗುಂಪೂ ಸರಿಯಾಗಿದೆ. ಆದರೂ ಸಂಗ್ರಹಿಸುವ ಪ್ರೋಗ್ರಾಂ ಅನುಮತಿ ಇಲ್ಲ ಎನ್ನುತ್ತಿದೆ.

ಉತ್ತರ: ಅದರ ಯೂಸರ್‌ನನ್ನು ಗುಂಪಿಗೆ ಸೇರಿಸಿದ ಮೇಲೆ ಆ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿದಿರಾ? ಗುಂಪುಗಳ ಪಟ್ಟಿ ಪ್ರಕ್ರಿಯೆ ಶುರುವಾಗುವಾಗಲೇ ನಿಗದಿಯಾಗುತ್ತದೆ. ಅದಕ್ಕೂ ಜಗ್ಗದಿದ್ದರೆ ನೇಮ್‌ಐ (namei) ಕಮಾಂಡಿಗೆ ಎಲ್ (-l) ಆಯ್ಕೆ ಸೇರಿಸಿ ಫೈಲಿನ ಪೂರ್ಣ ದಾರಿ ಕೊಡಿ. ಯಾವ ಹಂತದ ಡೈರೆಕ್ಟರಿ ತಡೆಯುತ್ತಿದೆ ಎಂಬುದು ಕಾಣುತ್ತದೆ. ಅದರ ಔಟ್‌ಪುಟ್ ಇಲ್ಲಿ ಹಾಕಿ, ನೋಡೋಣ.