ಶೂಟಿಂಗ್ ರೇಂಜಿನಲ್ಲಿ ಕಿತ್ತಳೆ ಜಾಕೆಟ್ ಹಾಕಿದವರೆಲ್ಲ ಆಫೀಸರಾ?

ತೀರ್ಥಳ್ಳಿಯವ:

ಪೆನ್ಸಿಲ್ವೇನಿಯಾಕ್ಕೆ ಬಂದು ಹದಿನಾಲ್ಕು ವರ್ಷ ಆಯಿತು. ಊರಲ್ಲಿ ಅಜ್ಜನ ಹತ್ತಿರ ಒಂದು ಜೋಡುನಳಿಗೆ ಕೋವಿ ಇತ್ತು. ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ. ಹೊಡೆದದ್ದಕ್ಕಿಂತ ಸದ್ದು ಮಾಡಿ ಓಡಿಸಿದ್ದೇ ಜಾಸ್ತಿ. ಪ್ರತಿ ಚುನಾವಣೆಗೂ ಅದನ್ನು ಗೋಣಿಚೀಲದಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ, ಫಲಿತಾಂಶ ಬಂದ ಮೇಲೆ ವಾಪಸ್ ತರುತ್ತಿದ್ದರು. ನನಗೆ ಮಾತ್ರ ಒಂದು ದಿನವೂ ಮುಟ್ಟಲು ಬಿಡಲಿಲ್ಲ. ಆ ಆಸೆ ಒಳಗೇ ಉಳಿದಿತ್ತು ಅಂತ ಕಾಣುತ್ತದೆ. ಗ್ರೀನ್ ಕಾರ್ಡ್ ಬಂದ ಮೇಲೆ ಒಂದು ರೂಗರ್ 10/22 ತೆಗೆದುಕೊಂಡೆ. ಪಾಯಿಂಟ್ 22 ರೈಫಲ್, ಸಣ್ಣ ತೋಟಾ, ಒದೆತ ಇಲ್ಲವೇ ಇಲ್ಲ ಅನ್ನಬಹುದು.

ನಾನು ಹೋಗುವುದು ಸರ್ಕಾರದ ಬೇಟೆ ಕಾಡಿನೊಳಗಿನ ರೇಂಜಿಗೆ, ಅಂದರೆ ಗುರಿ ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ. ಬೇಟೆ ಲೈಸೆನ್ಸ್ ಇಲ್ಲವೇ ವರ್ಷದ ಪರ್ಮಿಟ್ ಇದ್ದರೆ ಸಾಕು. ಒಂದು ತಗಡಿನ ಮಾಡು, ಎಂಟು ಸಿಮೆಂಟ್ ಬೆಂಚು, ಎದುರಿಗೆ ಮಣ್ಣಿನ ದಿಬ್ಬ, ನಿಯಮ ಬರೆದ ಒಂದು ಬೋರ್ಡು. ನೋಡಿಕೊಳ್ಳುವವರು ಯಾರೂ ಇಲ್ಲ.

ಅಕ್ಟೋಬರ್‌ನ ಒಂದು ಶನಿವಾರ ಹದಿಮೂರು ವರ್ಷದ ಮಗಳನ್ನೂ ಕರೆದುಕೊಂಡು ಹೋದೆ. ಜಿಂಕೆ ಸೀಸನ್ ಹತ್ತಿರ ಬಂದಿತ್ತು, ಎಲ್ಲರೂ ಸ್ಕೋಪ್ (ಬಂದೂಕಿನ ಮೇಲಿನ ಗುರಿ ನೋಡುವ ದುರ್ಬೀನು) ಸರಿ ಮಾಡಿಕೊಳ್ಳುವವರೇ. ಯಾರೋ ‘ಕೋಲ್ಡ್’ ಅಂತ ಕೂಗಿದರು. ಅಂದರೆ ಎಲ್ಲರೂ ಗುಂಡು ತೆಗೆದು, ಬೋಲ್ಟ್ (ಗುಂಡು ಕೂರುವ ಗೂಡಿನ ಬಾಗಿಲು) ತೆರೆದು, ಬಂದೂಕು ಬಿಟ್ಟು ಹಳದಿ ಗೆರೆಯ ಹಿಂದೆ ಸರಿಯಬೇಕು. ಆಮೇಲೆ ಗುರಿಯ ಕಾಗದ ಬದಲಿಸಲು ಹೋಗಬಹುದು. ‘ಹಾಟ್’ ಅಂದರೆ ಮತ್ತೆ ಹೊಡೆಯಬಹುದು. ನಾನೂ ಸ್ಟೇಪ್ಲರ್ ಹಿಡಿದು ಹೋದೆ, ಬೇಗ ಬಂದೆ. ಸ್ಕೋಪಿನ ಗಾಜಿಗೆ ಧೂಳು ಕೂತಿತ್ತು. ಸುಮ್ನೆ ಬಗ್ಗಿ ಅಂಗಿಯ ತುದಿಯಿಂದ ಒರೆಸಿದೆ.

ಸೀಟಿ! ಬೇಟೆಯವರು ಹಾಕುವ ಹೊಳೆಯುವ ಕಿತ್ತಳೆ ಜಾಕೆಟ್ಟಿನ ಒಬ್ಬ ಹಿರಿಯ, ಮಡಚುವ ಕುರ್ಚಿಯಿಂದ ಎದ್ದು ಬಂದ. ‘ಬಂದೂಕು ಬಿಟ್ಟು ಹಿಂದೆ ಸರಿ!’ ನೂರು ಗಜದ ಹತ್ತಿರ ಇನ್ನೂ ಇಬ್ಬರು ಕಾಗದ ಅಂಟಿಸುತ್ತಿದ್ದರು. ತಪ್ಪು ನನ್ನದೇ. ಗುಂಡು ತುಂಬುವ ಮ್ಯಾಗಜಿನ್ ಹೊರಗಿತ್ತು, ಬೋಲ್ಟ್ ತೆರೆದಿತ್ತು, ಆದರೂ ಮುಂದೆ ಜನ ಇರುವಾಗ ಮುಟ್ಟಬಾರದು ಅಂದರೆ ಮುಟ್ಟಬಾರದು. ಸಾರಿ ಹೇಳಿದೆ. ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ.

ಆಮೇಲೆ ಆಸಾಮಿ ನನ್ನ ಬೆಂಚು ಬಿಟ್ಟು ಕದಲಲಿಲ್ಲ. ‘ಮೂರೇ ಗುಂಡು ತುಂಬು.’ ಬೋರ್ಡಿನಲ್ಲಿ ಆರು ಅಂತಿದೆ. ‘ಒಂದು ಈಡಿಗೂ ಇನ್ನೊಂದಕ್ಕೂ ಮೂರು ಸೆಕೆಂಡ್ ಬಿಡು.’ ಇದು ಬೋರ್ಡಿನಲ್ಲೇ ಇಲ್ಲ. ಆಮೇಲೆ ‘ಪರ್ಮಿಟ್ ಎಲ್ಲಿ?’ ಅಂದ. ನನಗೆ ನಾಚಿಕೆಯಾಗುವುದು ಇದಕ್ಕೇ. ಯೋಚನೆ ಮಾಡುವ ಮೊದಲೇ ಕೈ ಜೇಬಿಗೆ ಹೋಗಿತ್ತು. ಹದಿನಾಲ್ಕು ವರ್ಷ ಕಾಗದ ತೋರಿಸಿಯೇ ಬದುಕಿದವನ ಕೈ ಅದು, ತಾನೇ ಹೋಗುತ್ತದೆ. ಆತ ಪರ್ಮಿಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ರೈಲಿನ ಟಿಸಿ ಥರ ವಾಪಸ್ ಕೊಟ್ಟ. ಕೊನೆಗೆ ಕೇಳದೆಯೇ ನನ್ನ ರೈಫಲ್ ಎತ್ತಿಕೊಂಡು, ಒಳಗೆ ಗುಂಡಿಲ್ಲ ಅಂತ ತೋರಿಸುವ ಪ್ಲಾಸ್ಟಿಕ್ ಬಾವುಟ ಹೇಗೆ ಸಿಕ್ಕಿಸಬೇಕು ಅಂತ ತೋರಿಸಿದ.

ಅದೇ ಹೊತ್ತಿಗೆ ಪಕ್ಕದ ಬೆಂಚಿನವನು ಎಆರ್-15 ರೈಫಲ್‌ನಲ್ಲಿ ಡಬಡಬ ಅಂತ ಹೊಡೆಯುತ್ತಿದ್ದ. ಬಿಸಿ ಖಾಲಿ ತೋಟಾ ಹಾರಿ ನನ್ನ ಮಗಳ ಕೈ ಮೇಲೆ ಬಿತ್ತು. ಅವನಿಗೆ ಮೂರು ಸೆಕೆಂಡಿನ ಪಾಠ ಇಲ್ಲ. ಇಬ್ಬರೂ ಜಿಂಕೆ ಕೊಂಬಿನ ಮಾತಾಡುತ್ತಾ ನಗುತ್ತಿದ್ದರು.

ಕಾರಿನಲ್ಲಿ ಮಗಳು ಕೇಳಿದಳು, ‘ಅಪ್ಪಾ, ಅವರು ಪೊಲೀಸಾ?’

ಅಲ್ಲ. ಕೇಳಿದೆ, ಯಾರೂ ಅಲ್ಲ. ರಿಟೈರ್ ಆದವನು, ಶನಿವಾರ ಬರುತ್ತಾನೆ, ಅಷ್ಟೇ. ಮೊದಲ ಸಲ ಸರಿಯಾಗೇ ಹೇಳಿದವನಿಗೆ ಉಳಿದದ್ದಕ್ಕೆ ಏನು ಹೇಳುವುದು? ಕೈಯಲ್ಲಿ ಬಂದೂಕು ಇರುವ ಜಾಗದಲ್ಲಿ ಜಗಳ ಬೇಡ ಅಂತ ನುಂಗಿಕೊಂಡೆ. ನೀವಾಗಿದ್ದರೆ?

ಫಿಲ್ಟರ್ ಕಾಫಿ:

ನಮ್ಮ ಅಪಾರ್ಟ್‌ಮೆಂಟಿನಲ್ಲೂ ಒಬ್ಬರಿದ್ದಾರೆ. ಯಾವ ಕಮಿಟಿಯಲ್ಲೂ ಇಲ್ಲ, ಆದರೆ ಪಾರ್ಕಿಂಗ್‌ನಲ್ಲಿ ಗೆರೆ ದಾಟಿದರೆ ಲುಂಗಿ ಎತ್ತಿ ಕಟ್ಟಿಕೊಂಡು ಬರುತ್ತಾರೆ. ಸೀಟಿ ಒಂದು ಕಡಿಮೆ. ಇದನ್ನು ಅವರಿಗೆ ತೋರಿಸುವುದಿಲ್ಲ.

ಹಾರುವ ಹೆಚ್‌ಒನ್‌ಬಿ:

ಸಂಬಂಧ ಇಲ್ಲದ ಪ್ರಶ್ನೆ, ಕ್ಷಮಿಸಿ. ನಾನು ವೀಸಾದಲ್ಲಿದ್ದೇನೆ. ಗೆಳೆಯರ ಜೊತೆ ಹೋಗಿ ಬಾಡಿಗೆ ಬಂದೂಕಿನಲ್ಲಿ ಹೊಡೆಯಬಹುದಾ?

ಬೆಂಚ್ ನಂಬರ್ ಎಂಟು:

ಮೊದಲು ವೀಸಾದವರಿಗೆ: ಬೇಡ. ಹೆಚ್‌ಒನ್‌ಬಿ ಥರದ ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕು, ತೋಟಾ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಬಾಡಿಗೆಯದ್ದನ್ನು ಕೈಯಲ್ಲಿ ಹಿಡಿದರೂ ಅದು ಇಟ್ಟುಕೊಂಡ ಹಾಗೆಯೇ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ‘ನಮ್ಮ ಮ್ಯಾನೇಜರ್ ಕರೆದುಕೊಂಡು ಹೋಗಿದ್ದರು, ಏನೂ ಆಗಲಿಲ್ಲ’ ಅನ್ನುವವರ ಮಾತು ಕೇಳಬೇಡಿ. ಗ್ರೀನ್ ಕಾರ್ಡ್ ಅರ್ಜಿ ಅವರದ್ದಲ್ಲ, ನಿಮ್ಮದು.

ಈಗ ತೀರ್ಥಳ್ಳಿಯವರಿಗೆ. ನಾನು ಒಂದು ಕ್ಲಬ್ಬಿನಲ್ಲಿ ರೇಂಜ್ ಸೇಫ್ಟಿ ಆಫೀಸರ್ ಆಗಿ ಪುಕ್ಕಟೆ ಕೆಲಸ ಮಾಡುತ್ತೇನೆ. ನಮ್ಮ ತರಬೇತಿಯಲ್ಲಿ ಮೊದಲೇ ಹೇಳಿಕೊಟ್ಟದ್ದು, ‘ಸೀಸ್ ಫೈರ್’, ಅಂದರೆ ಹೊಡೆಯುವುದನ್ನು ನಿಲ್ಲಿಸಿ, ಅಂತ ಯಾರು ಬೇಕಾದರೂ ಕೂಗಬಹುದು. ಆಫೀಸರೇ ಆಗಬೇಕಿಲ್ಲ. ಇವತ್ತೇ ಬಂದವರು, ನಿಮ್ಮ ಮಗಳು, ಯಾರಾದರೂ. ಕೂಗಿದರೆ ಎಲ್ಲರೂ ನಿಲ್ಲಿಸಬೇಕು, ಯಾಕೆ ಅಂತ ಆಮೇಲೆ ಕೇಳಬೇಕು. ಹಾಗಾಗಿ ಆ ಮೊದಲ ಸೀಟಿಗೆ ಆತನಿಗೆ ಪೂರ್ತಿ ಹಕ್ಕಿತ್ತು. ನಿಮಗೂ ಅಷ್ಟೇ ಹಕ್ಕಿದೆ. ಅದು ಜಾಕೆಟ್ಟಿನಿಂದ ಬಂದದ್ದಲ್ಲ.

ಆಮೇಲಿನದ್ದೆಲ್ಲ ಸಲಹೆ. ಬೇಕಿದ್ದರೆ ತೆಗೆದುಕೊಳ್ಳಿ. ಪರ್ಮಿಟ್ ಕೇಳುವ ಅಧಿಕಾರ ಸ್ಟೇಟ್ ಗೇಮ್ ವಾರ್ಡನ್‌ಗೆ (ಬೇಟೆ ನಿಯಮ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಗೆ) ಇದೆ, ಕುರ್ಚಿ ತಂದು ಕೂತವನಿಗೆ ಇಲ್ಲ. ಇನ್ನು ಕೇಳದೆ ಬೇರೆಯವರ ಬಂದೂಕು ಮುಟ್ಟಿದ್ದು. ನಾನು ಆಫೀಸರ್ ಆಗಿಯೂ ಮುಟ್ಟುವುದಿಲ್ಲ. ಗುಂಡು ಸಿಕ್ಕಿಕೊಂಡಿದ್ದರೂ ‘ಮೂತಿ ದಿಬ್ಬದ ಕಡೆಗೇ ಇರಲಿ, ಬೆರಳು ಟ್ರಿಗರ್‌ನಿಂದ ತೆಗೆಯಿರಿ, ನಾನು ನೋಡಲಾ?’ ಅಂತ ಕೇಳಿಯೇ ಕೈ ಹಾಕುವುದು.

ಮೂರು ಗುಂಡಿನ ವಿಷಯದಲ್ಲಿ ಆತ ಸುಳ್ಳು ಹೇಳಿಲ್ಲ. ನಾನು 2006ರಲ್ಲಿ ಈ ರಾಜ್ಯಕ್ಕೆ ಬಂದಾಗ ರೈಫಲ್ ರೇಂಜಿನ ಬೋರ್ಡಿನಲ್ಲಿ ಮೂರು ಅಂತಲೇ ಇತ್ತು. ಆರು ಆದದ್ದು ಆಮೇಲೆ. ಬೋರ್ಡು ಬದಲಾಯಿತು, ಮನುಷ್ಯ ಬದಲಾಗಲಿಲ್ಲ.

ಒಂದು ಉಪಾಯ. ಆಫೀಸರ್ ಇಲ್ಲದ ರೇಂಜಿನಲ್ಲಿ ಮೊದಲು ಬಾಯಿ ಬಿಟ್ಟವನೇ ಆಫೀಸರ್. ಚೀಲ ಇಳಿಸುವ ಮೊದಲೇ ಎಲ್ಲರಿಗೂ ಕೇಳುವ ಹಾಗೆ ‘ಗುಡ್ ಮಾರ್ನಿಂಗ್, ಇವತ್ತು ಹಾಟ್, ಕೋಲ್ಡ್ ಕೂಗುವವರು ಯಾರು?’ ಅನ್ನಿ. ಅಷ್ಟಕ್ಕೇ ನೀವು ಹೊಸಬರು ಅನ್ನುವ ಭಾವ ಅವರಿಗೆ ಅರ್ಧ ಹೋಗುತ್ತದೆ. ಮಗಳನ್ನು ನಿಮ್ಮ ಎಡಕ್ಕೆ ಕೂರಿಸಿ. ಎಆರ್‌ನ ಖಾಲಿ ತೋಟಾ ಬಲಕ್ಕೆ ಹಾರುತ್ತದೆ, ಹಾಗಾಗಿ ಅಂಥವನ ಬಲಬದಿಯ ಬೆಂಚು ಹಿಡಿಯಲೇಬೇಡಿ. ಒದೆತ ಕಡಿಮೆ ಮಾಡಲು ಮೂತಿಗೆ ಬ್ರೇಕ್ ಅನ್ನುವ ತುಂಡು ಹಾಕಿಕೊಂಡವನಾದರೆ ಇನ್ನೂ ದೂರ. ಸದ್ದೆಲ್ಲ ಪಕ್ಕಕ್ಕೇ ಬರುತ್ತದೆ, ಎದೆಗೆ ಹೊಡೆದ ಹಾಗೆ.

ಇನ್ನೊಂದು. 1937ರ ಫೆಡರಲ್ ಕಾನೂನಿನ ಪ್ರಕಾರ ರೈಫಲ್ ಮತ್ತು ತೋಟಾ ಮೇಲೆ ಶೇ. 11 ತೆರಿಗೆ ಇದೆ. ಆ ದುಡ್ಡು ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ, ಇಂಥ ರೇಂಜ್ ಕಟ್ಟಲೂ ಬಳಸುತ್ತಾರೆ. ನೀವು ಕೊಂಡ ಒಂದೊಂದು ಡಬ್ಬಿಯಲ್ಲೂ ಆ ತಗಡಿನ ಮಾಡಿನ ಒಂದು ಮೊಳೆ ಇದೆ. ಆತನ ಮನೆ ಜಗಲಿ ಅಲ್ಲ ಅದು.

ಒಂಟಿನಳಿಗೆ:

ಕೊಡಗಿನವನು. ನಮ್ಮಲ್ಲಿ ಕೋವಿ ಮನೆಯ ಸದಸ್ಯನ ಹಾಗೆ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುತ್ತೇವೆ, ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಈಗಿನದ್ದು 2029ರವರೆಗೆ.

ಆ ಪಂದ್ಯದಲ್ಲೂ ಗದರುವ ಮಾವಂದಿರು ಬೇಕಾದಷ್ಟು. ನನಗೆ ಹದಿನೇಳು ಇದ್ದಾಗ ಕೋವಿ ಮಡಚದೆ ಹೆಗಲ ಮೇಲೆ ಅಡ್ಡ ಇಟ್ಟುಕೊಂಡು ತಿರುಗಿದೆ. ಒಬ್ಬರು ಬಂದು ಕೈಯಿಂದ ಕಿತ್ತುಕೊಂಡು, ತೆರೆದು ನೋಡಿ, ಒಂದು ಮಾತೂ ಆಡದೆ ನಮ್ಮ ಅಪ್ಪನ ಕೈಗೆ ಕೊಟ್ಟರು. ಅವತ್ತು ಇಡೀ ದಿನ ನನಗೆ ಕೋವಿ ಇಲ್ಲ. ಆದರೆ ಅವರು ಯಾವ ಮನೆಯವರು ಅಂತ ನನಗೆ ಗೊತ್ತು, ನಾನು ಯಾರ ಮಗ ಅಂತ ಅವರಿಗೆ ಗೊತ್ತು. ಮರುವರ್ಷ ಅವರ ಮಗನಿಗೆ ನಮ್ಮ ಅಪ್ಪ ಗದರಿದರು! ನಿಮ್ಮ ರೇಂಜಿನಲ್ಲಿ ಆ ಲೆಕ್ಕ ಚುಕ್ತಾ ಆಗುವ ದಾರಿಯೇ ಇಲ್ಲ. ಅದಕ್ಕೇ ಉರಿಯುವುದು.

ಹುಬ್ಬಳ್ಳಿ ಹುಡುಗಿ:

ಎಲ್ಲರೂ ಸಮಾಧಾನವಾಗಿ ಮಾತಾಡುತ್ತಿದ್ದೀರಿ, ನನಗಂತೂ ಸಿಟ್ಟು ಬಂತು. ಇವರು ಯಾರ ಬೆಂಚಿಗೆ ಹೋಗುತ್ತಾರೆ ನೋಡಿ. ಎಆರ್ ಹಿಡಿದವನ ಹತ್ತಿರ ಹೋಗಲಿಲ್ಲ ಅಲ್ವಾ? ಇಲ್ಲಿ ಅರಿಜೋನಾದ ಒಂದು ರೇಂಜಿನಲ್ಲಿ ಒಬ್ಬ ಮಹಾಶಯ ಇಪ್ಪತ್ತು ನಿಮಿಷ ನನಗೆ ಪಿಸ್ತೂಲ್ ಹಿಡಿಯುವುದನ್ನು ಕಲಿಸಿದ. ನಾನು ಕೇಳಿರಲಿಲ್ಲ. ಆಮೇಲೆ ಇಬ್ಬರ ಕಾಗದವನ್ನೂ ಪಕ್ಕ ಪಕ್ಕ ಇಟ್ಟೆ. ನನ್ನ ಐದು ತೂತು ಅಂಗೈಯಲ್ಲಿ ಮುಚ್ಚಿ ಹೋಗುತ್ತಿದ್ದವು, ಅವನದ್ದಕ್ಕೆ ಊಟದ ತಟ್ಟೆ ಬೇಕಿತ್ತು. ‘ಇವತ್ತು ಗಾಳಿ’ ಅಂದ. ಗಾಳಿ ನನ್ನ ಬೆಂಚಿಗೆ ರಜೆ ಹಾಕಿತ್ತೇನೋ.

ಈಗ ಫೀನಿಕ್ಸಿನ ಬೆನ್ ಏವರಿ ರೇಂಜಿಗೆ ಹೋಗುತ್ತೇನೆ. ಅಲ್ಲಿ ನಿಜವಾದ ರೇಂಜ್ ಆಫೀಸರ್‌ಗಳಿದ್ದಾರೆ. ಅವರೂ ಕಟ್ಟುನಿಟ್ಟೇ, ಆದರೆ ಎಲ್ಲರಿಗೂ ಒಂದೇ ದನಿ. ನನಗೆ ಬೇಕಾದದ್ದು ಅಷ್ಟೇ.

ತೀರ್ಥಳ್ಳಿಯವ:

ನಿನ್ನೆ ಮತ್ತೆ ಹೋಗಿದ್ದೆ, ಮಗಳ ಜೊತೆಗೇ. ಬರುವುದಿಲ್ಲ ಅಂದಿದ್ದಳು, ವಾಪಸ್ ಬರುವಾಗ ಡೋನಟ್ ಅಂದ ಮೇಲೆ ಹೊರಟಳು.

ಆಸಾಮಿ ಅದೇ ಕುರ್ಚಿಯಲ್ಲಿದ್ದ. ಇಲ್ಲಿ ‘ಬೆಂಚ್ ನಂಬರ್ ಎಂಟು’ ಹೇಳಿದ ಹಾಗೆ ಮೊದಲೇ ಗಟ್ಟಿಯಾಗಿ ಕೇಳಿದೆ, ‘ಇವತ್ತು ಕೂಗುವವರು ಯಾರು?’ ಆತ ಕಣ್ಣು ಕಿರಿದು ಮಾಡಿ ನೋಡಿ, ‘ನಾನೇ’ ಅಂದ. ‘ಆಗಲಿ. ನಾನು ಆರು ತುಂಬುತ್ತೇನೆ. ಬೋರ್ಡಿನಲ್ಲಿ ಮೊದಲು ಮೂರು ಇತ್ತಂತೆ?’ ಅಂದೆ. ಅಷ್ಟು ಸಾಕಾಯಿತು! ಮೂರು ಇದ್ದ ಕಾಲ ಎಷ್ಟು ಚೆನ್ನಾಗಿತ್ತು, ಈಗಿನವರು ಗುರಿ ನೋಡುವುದಿಲ್ಲ, ಬರೀ ಸದ್ದು ಮಾಡುತ್ತಾರೆ ಅಂತ ಹತ್ತು ನಿಮಿಷ ಹೇಳಿದ. ನಿಜ ಹೇಳಬೇಕೆಂದರೆ ಅಜ್ಜನೂ ಹೀಗೇ ಮಾತಾಡುತ್ತಿದ್ದರು. ಮಾತಿನ ನಡುವೆಯೇ ಕೈ ನನ್ನ ರೈಫಲ್ ಕಡೆಗೆ ಬಂತು. ‘ಮುಟ್ಟಬೇಡಿ, ಏನು ಬೇಕು ಹೇಳಿ, ನಾನೇ ಮಾಡುತ್ತೇನೆ’ ಅಂದೆ. ನನ್ನ ದನಿ ಸ್ವಲ್ಪ ನಡುಗಿತು, ಪರವಾಗಿಲ್ಲ. ಕೈ ಹಿಂದಕ್ಕೆ ಹೋಯಿತು. ಮುಖ ಹುಳಿಯಾಯಿತು. ಆಮೇಲೆ ನನ್ನ ಬೆಂಚಿನ ಕಡೆ ಬರಲಿಲ್ಲ.

ಹನ್ನೊಂದು ಗಂಟೆ ಹೊತ್ತಿಗೆ ‘ಸೀಸ್ ಫೈರ್!’ ಅಂತ ಯಾರೋ ಕಿರುಚಿದರು. ನೋಡಿದರೆ ನನ್ನ ಮಗಳು, ಎದ್ದು ನಿಂತು, ಕೈ ಮುಂದೆ ಚಾಚಿ. ಐವತ್ತು ಗಜದ ಚೌಕಟ್ಟಿನ ಹಿಂದೆ ಏಳು ಕಾಡು ಟರ್ಕಿ ಕೋಳಿಗಳು ಸಾಲಾಗಿ ನಡೆದುಕೊಂಡು ಹೋಗುತ್ತಿದ್ದವು. ಎಂಟೂ ಬೆಂಚು ನಿಂತವು. ಎಆರ್ ಕೂಡ. ಆಸಾಮಿ ಸೀಟಿಯನ್ನು ಬಾಯಿವರೆಗೆ ತಂದವನು ಹಾಗೇ ಕೆಳಗಿಳಿಸಿದ. ಕೋಳಿಗಳಿಗೆ ಏನೂ ಅವಸರ ಇರಲಿಲ್ಲ, ದಿಬ್ಬ ದಾಟಲು ನಾಲ್ಕು ನಿಮಿಷ ತೆಗೆದುಕೊಂಡವು. ಅವಳು ‘ಹಾಟ್’ ಅನ್ನುವವರೆಗೂ ಯಾರೂ ಬಂದೂಕು ಮುಟ್ಟಲಿಲ್ಲ.

ಅಂದಹಾಗೆ, ಮಕ್ಕಳಿಗೆ ಒಳ್ಳೆಯ ಇಯರ್ ಮಫ್ ಯಾವುದು? ಒಳಗೆ ಪ್ಲಗ್ ಹಾಕಿದ ಮೇಲೂ ಕೂರುವಂಥದ್ದು ಬೇಕು. ಗುಲಾಬಿ ಬಣ್ಣ ಬೇಡವಂತೆ.