ಸಹಾಯ ಬೇಕು: ರಸ್ತೆ ಹೆಸರು ಹೇಳುವ ಜಿಪಿಎಸ್‌ಗೆ ಜಾಸ್ತಿ ದುಡ್ಡು ಕೊಡಬೇಕಾ?

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ. ಅಪ್ಪನ ಕಾರಿಗೆ ಜಿಪಿಎಸ್ ತಗೊಳ್ಳಬೇಕು. ಎರಡು ಮಾಡೆಲ್ ನೋಡಿದ್ದೇವೆ. ಅಗ್ಗದ್ದರಲ್ಲಿ ಮೊದಲೇ ರೆಕಾರ್ಡ್ ಮಾಡಿದ ಧ್ವನಿ, "300 ಮೀಟರ್ ಮುಂದೆ ಎಡಕ್ಕೆ" ಅಷ್ಟೇ ಹೇಳುತ್ತದೆ. ದುಬಾರಿಯದ್ದು ಮ್ಯಾಪಿನಲ್ಲಿರುವ ರಸ್ತೆಯ ಹೆಸರನ್ನೂ ಓದುತ್ತದೆ.

ಮೊಬೈಲಿನಲ್ಲಿ ಆಫ್‌ಲೈನ್ ಮ್ಯಾಪ್ ಹಾಕಿ, ಹೆಸರು ಹೇಳುವ ಧ್ವನಿ ಇಟ್ಟು ನೋಡಿದೆ. ಚೆರ್ಕಳದಿಂದ ಪೆರ್ಲದವರೆಗೆ ಅದರಿಂದ ಏನೂ ಉಪಯೋಗ ಆಗಲಿಲ್ಲ. ನಮ್ಮಲ್ಲಿ ರಸ್ತೆ ಹೆಸರು ಯಾರು ಕೇಳುತ್ತಾರೆ? ಭಜನಾ ಮಂದಿರ, ಮಸೀದಿ, ಮಿಲ್ಲು, ಇವೇ ಗುರುತು. ಮಲಯಾಳ ಹೆಸರನ್ನು ಇಂಗ್ಲಿಷ್ ಧ್ವನಿ ಓದಿದರೆ ಅಪ್ಪನಿಗೆ ನಗು ಬರುತ್ತದೆ, ದಾರಿ ಮಾತ್ರ ತಿಳಿಯುವುದಿಲ್ಲ. ಎನ್‌ಎಚ್ 66ರಲ್ಲಿ ಬೇರೆಯೇ ಕಷ್ಟ. ಆರು ಲೇನಿನ ರಸ್ತೆಯಲ್ಲೇ ಇರಬೇಕಾ, ಸರ್ವಿಸ್ ರೋಡಿಗೆ ಇಳಿಯಬೇಕಾ ಅನ್ನುವುದು ಮುಖ್ಯ.

ಆದರೆ ಅಪ್ಪ ಬೆಂಗಳೂರಿಗೂ ಕಾರಲ್ಲೇ ಹೋಗುತ್ತಾರೆ. ಅಲ್ಲಿ ಮೂರನೇ ಕ್ರಾಸ್, ನಾಲ್ಕನೇ ಕ್ರಾಸ್ ಒತ್ತೊತ್ತಾಗಿವೆ. ಸ್ಕ್ರೀನ್ ನೋಡದೆ, ಹೆಸರು ಕೇಳಿ ತಿರುಗಿಸಬಹುದು ಅಲ್ವಾ? ಇಲ್ಲೇ ತಲೆ ಕೆಟ್ಟಿರುವುದು.

ಹೆಸರು ಹೇಳುವ ಜಿಪಿಎಸ್ ಬಳಸಿದವರು ಹೇಳಿ: ಬೆಂಗಳೂರು, ಮಂಗಳೂರಿನ ತಿರುವುಗಳಲ್ಲಿ ಅದು ನಿಜವಾಗಿ ಸಹಾಯ ಮಾಡುತ್ತದಾ, ಅಥವಾ ದೂರ ಮತ್ತು ಎಡ-ಬಲ ಹೇಳಿದರೆ ಸಾಕಾ?