ಸಹಾಯ ಬೇಕು: ಬಿದ್ದ ನಂತರ ಅಮ್ಮನಿಗೆ ನಡೆಯುವ ಧೈರ್ಯ ಬರುತ್ತಿಲ್ಲ

ನಮಸ್ಕಾರ. ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ 74 ವರ್ಷದ ನಮ್ಮ ತಾಯಿಯವರಿಗೆ ಶಸ್ತ್ರಚಿಕಿತ್ಸೆಯಾಗಿದ್ದು, ಮೂಳೆ ಕೂಡಿದೆ, ಪೂರ್ತಿ ಭಾರ ಹಾಕಿ ನಡೆಯಬಹುದು ಎಂದು ವೈದ್ಯರು ಹೇಳಿದ್ದಾರೆ. ತಲೆಸುತ್ತು, ದೃಷ್ಟಿದೋಷಗಳಿಲ್ಲವೆಂದೂ ಪರೀಕ್ಷೆಯಾಗಿದೆ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೇವೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಕುರ್ಚಿಯಿಂದ ಎದ್ದು ಕೂರುವ, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವ ವ್ಯಾಯಾಮಗಳನ್ನು ಅವರು ತಪ್ಪದೆ ಮಾಡುತ್ತಾರೆ. ಆದರೆ ಹಜಾರದಲ್ಲಿ ವಾಕರ್ ಹಿಡಿದು ಸಲೀಸಾಗಿ ನಡೆಯುವವರು, ಎರಡು ಬೆರಳಿನಷ್ಟೂ ಎತ್ತರವಿಲ್ಲದ ದೇವರ ಮನೆಯ ಹೊಸ್ತಿಲ ಬಳಿ ಬಂದೊಡನೆ ಕಾಲೆತ್ತಲಾಗದೆ ನಿಂತು, ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಕೈ ಕೊಟ್ಟರೆ ಅದೇ ಅಭ್ಯಾಸವಾದೀತೆಂಬ ಅಳುಕು, ಬಿಟ್ಟರೆ ಮತ್ತೆ ಬಿದ್ದಾರೆಂಬ ದಿಗಿಲು. ಇಂತಹ ಹಿರಿಯರನ್ನು ನೋಡಿಕೊಂಡವರು ಅಥವಾ ಫಿಸಿಯೋಥೆರಪಿ ಬಲ್ಲವರು ದಯವಿಟ್ಟು ತಿಳಿಸಿ: ಹೊಸ್ತಿಲು ದಾಟುವಾಗ ನಾನು ಯಾವ ಬದಿಯಲ್ಲಿ ನಿಲ್ಲಬೇಕು, ಆಸರೆಯನ್ನು ಯಾವ ಕ್ರಮದಲ್ಲಿ ಕಡಿಮೆ ಮಾಡಬೇಕು?